ಬೇಡವೆನ್ನಲಾರದ ನಾಯಿಗಳ ಜೊತೆ

ನನ್ನ ತಮ್ಮನ ಮಗಳು ಭಾಗ್ಯಶ್ರೀ ಈಚೆಗೆ ಕೇಂದ್ರದ ಒಂದು ಭದ್ರತಾ ಪಡೆಗೆ ಸೇರಿದ್ದಾಳೆ. ಯಾರೂ ಹೇಳದಿದ್ದರೂ ತಾನೇ ಶ್ವಾನದಳ ಕೇಳಿ ಪಡೆದಿದ್ದಾಳೆ. ತರಬೇತಿಗೆ ಹೊರಡುವ ಹಿಂದಿನ ದಿನ ಜಮಖಂಡಿಯಿಂದ ಫೋನ್ ಮಾಡಿ, ತನಗೆ ಲ್ಯಾಬ್ರಡಾರ್ ನಾಯಿ ಕೊಡುತ್ತಾರಂತೆ, ಏನೇನು ತಿಳಿದುಕೊಂಡಿರಬೇಕು ಎಂದು ಕೇಳಿದಳು. ನಾನು ಊಟದ ಹೊತ್ತು ತಪ್ಪಿಸಬೇಡ, ಸ್ನಾನ ಮಾಡಿಸಿದ ಮೇಲೆ ಕಿವಿ ಒಣಗಿಸು, ಉಗುರು ನೋಡುತ್ತಿರು ಎಂದು ಏನೇನೋ ಹೇಳಿ ಫೋನ್ ಇಟ್ಟೆ. ಅವೆಲ್ಲ ತರಬೇತಿ ಶಾಲೆಯವರೇ ಹೇಳಿಕೊಡುವ ಮಾತುಗಳು. ಅವರು ಹೇಳದಿರುವುದನ್ನು ನಾನೂ ಹೇಳಲಿಲ್ಲ ಎಂದು ಆಮೇಲೆ ಅನ್ನಿಸಿತು. ಅವಳಿಗಾಗಿ, ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಹವಾಲ್ದಾರನಾದೆ, ಯಾವಾಗ ಸಬ್ ಇನ್ಸ್‌ಪೆಕ್ಟರ್ ಆದೆ ಎಂಬುದು ಇದರಲ್ಲಿ ಇಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಇಪ್ಪತ್ತೇಳು ವರ್ಷ ನಾನೂ ಅಂಥದೇ ಒಂದು ಪಡೆಯಲ್ಲಿ ಮದ್ದುಗುಂಡಿನ ವಾಸನೆ ಹಿಡಿಯುವ ನಾಯಿಗಳನ್ನು ನಡೆಸಿದೆ. ಹೆಚ್ಚು ಕಾಲ ಗುಜರಾತಿನಲ್ಲಿ: ಮೊದಲು ವಡೋದರಾ, ಆಮೇಲೆ ಅಹಮದಾಬಾದ್, ಸೂರತ್, ಮತ್ತೆ ಅಹಮದಾಬಾದ್. ಈಗ ಅದೇ ಊರಿನ ಚಾಂದ್‌ಖೇಡಾದಲ್ಲಿ ನಾನು ಮತ್ತು ನನ್ನ ಹೆಂಡತಿ ಸುಶೀಲಾ ಒಂದು ನೆಲಮಹಡಿಯ ಮನೆಯಲ್ಲಿದ್ದೇವೆ. ಮೆಟ್ಟಿಲು ಹತ್ತಲಾರದ ನಾಯಿಗಾಗಿ ನೆಲಮಹಡಿ ಹುಡುಕಿದ್ದು. ಆ ವಿಷಯ ಕೊನೆಗೆ ಬರುತ್ತದೆ.

ನಾನು ನಾಯಿಗಳ ನಡುವೆಯೇ ಬೆಳೆದವನು. ನಮ್ಮ ಅಜ್ಜ ಮುಧೋಳದ ಕಡೆಯ ಬೇಟೆನಾಯಿಗಳನ್ನು ಸಾಕಿದ್ದ. ಉದ್ದ ಮೂತಿ, ಒಳಗೆ ಸೇರಿದ ಹೊಟ್ಟೆ, ಗಾಳಿಯಂತೆ ಓಟ. ಮೊಲ ಕಣ್ಣಿಗೆ ಬಿದ್ದರೆ ಆ ನಾಯಿ ಯಾರ ಅಪ್ಪಣೆಗೂ ಕಾಯುವುದಿಲ್ಲ. ಓಡಿ ಸಾಕಾದರೆ ಜಾಲಿಮರದ ಕೆಳಗೆ ಬಿದ್ದುಕೊಳ್ಳುತ್ತದೆ, ಆಮೇಲೆ ಯಾರು ಕರೆದರೂ ಏಳುವುದಿಲ್ಲ. ನಾನು ಸಣ್ಣವನಿದ್ದಾಗ ಹೀಗೆ ಮಲಗಿದ ನಾಯಿಯನ್ನು ಎಬ್ಬಿಸಲು ಹೋಗಿ ಬೈಸಿಕೊಂಡಿದ್ದೆ. ಅದು ತನ್ನ ಹೊಟ್ಟೆಗಾಗಿ ಓಡುತ್ತದೆ, ನಿನಗಾಗಿ ಅಲ್ಲ ಎಂದು ಅಜ್ಜ ಹೇಳಿದ್ದ. ಹಾಗಾಗಿ ತರಬೇತಿ ಶಾಲೆಯಲ್ಲಿ ಮೊದಲ ಸಲ ಲ್ಯಾಬ್ರಡಾರ್ ಕೈಗೆ ಬಂದಾಗ ಇದು ಯಾವ ಬಗೆಯ ನಾಯಿ ಎಂದೇ ನನಗೆ ಅರ್ಥವಾಗಲಿಲ್ಲ. ಇದು ಸುಮ್ಮನೆ ಕುಳಿತು ನನ್ನ ಮುಖವನ್ನೇ ನೋಡುತ್ತಿತ್ತು.

ನಮ್ಮ ಉಸ್ತಾದರು ಗಢವಾಲದ ನೇಗಿ ಎಂಬವರು. ಅರ್ಧ ಆಯುಷ್ಯ ಈ ನಾಯಿಗಳ ಜೊತೆಗೇ ಕಳೆದಿದ್ದರು. ಮೊದಲ ವಾರ ಅವರು ನಮಗೆ ಹಗ್ಗ ಮುಟ್ಟಲು ಬಿಡಲಿಲ್ಲ, ನಾಯಿಯ ಹಿಂದಿನ ಕಥೆ ಹೇಳಿದರು. ಇವುಗಳ ಪೂರ್ವಿಕರು ಕೆನಡಾದ ಪೂರ್ವದಲ್ಲಿರುವ ಒಂದು ಚಳಿಯ ದ್ವೀಪದಲ್ಲಿ ಮೀನುಗಾರರ ಹತ್ತಿರ ಇದ್ದವು. ಹಿಮದಂಥ ನೀರಿಗೆ ಹಾರಿ ಬಲೆಯ ಹಗ್ಗ ಕಚ್ಚಿ ಎಳೆದು ತರುವುದು, ಗಾಳದಿಂದ ಜಾರಿದ ಮೀನು ಹಿಡಿಯುವುದು ಅವುಗಳ ಕೆಲಸ. ನೀರು ಒಳಗಿಳಿಯದ ಎರಡು ಪದರದ ತುಪ್ಪಳ, ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ಚರ್ಮ, ನೀರಿನಲ್ಲಿ ಚುಕ್ಕಾಣಿಯಂತೆ ತಿರುಗುವ ದಪ್ಪ ಬಾಲ, ಎಲ್ಲ ಅದಕ್ಕಾಗಿಯೇ. ಹಡಗಿನಲ್ಲಿ ಇಂಗ್ಲೆಂಡಿಗೆ ಬಂದ ಮೇಲೆ ಜಮೀನ್ದಾರರು ಇವುಗಳನ್ನು ಹಕ್ಕಿ ಬೇಟೆಗೆ ತಿದ್ದಿದರು. ಕೋವಿ ಹಿಡಿದವನ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತಿರಬೇಕು. ಗುಂಡು ಹಾರಿದರೂ ಬೆದರಬಾರದು. ಹಕ್ಕಿ ಎಲ್ಲಿ ಬಿತ್ತೆಂದು ನೆನಪಿಟ್ಟುಕೊಂಡು, ಹೋಗು ಎಂದಾಗ ಹೋಗಿ, ಕೆಸರಿರಲಿ ಮುಳ್ಳಿರಲಿ ಹುಡುಕಿ, ಹಲ್ಲು ತಾಗಿಸದೆ ತಂದು ಯಜಮಾನನ ಅಂಗೈಗೆ ಇಡಬೇಕು. ಹಾಗೆ ತಂದ ನಾಯಿಯ ಮರಿಗಳನ್ನು ಉಳಿಸಿದರು, ತಾನೇ ತಿಂದದ್ದರ ಮರಿಗಳನ್ನು ಬೆಳೆಸಲಿಲ್ಲ. ನೂರಾರು ವರ್ಷ ಹೀಗೆ ಆರಿಸಿ ಆರಿಸಿ, ಬೇಡ ಅನ್ನುವ ಗುಣವನ್ನೇ ಈ ಜಾತಿಯಿಂದ ತೆಗೆದುಬಿಟ್ಟಿದ್ದಾರೆ ಎಂದು ಉಸ್ತಾದರು ಹೇಳಿದರು. ನಾವು ಹೊಸಬರು ಅದನ್ನು ಹೊಗಳಿಕೆ ಎಂದುಕೊಂಡೆವು. ಅವರು ಎಚ್ಚರಿಕೆಯಾಗಿ ಹೇಳಿದ್ದು ಎಂದು ತಿಳಿಯಲು ನನಗೆ ಎರಡು ನಾಯಿಗಳ ಕಾಲ ಹಿಡಿಯಿತು.

ನನ್ನ ಮೊದಲ ನಾಯಿ ರಾಣಿ, ಗೋಧಿ ಬಣ್ಣದ ಹೆಣ್ಣು. ಅವಳ ಜೊತೆ ವಡೋದರಾಕ್ಕೆ ಬಂದೆ. ಕಾರ್ಖಾನೆಗಳ ಗೇಟು, ಸರಕಾರಿ ಕಟ್ಟಡ, ಎಚ್ಚರಿಕೆ ಬಂದ ದಿನ ರೈಲು ನಿಲ್ದಾಣ, ಎಲ್ಲಿ ಕರೆದರೆ ಅಲ್ಲಿ ಹೋಗುತ್ತಿದ್ದೆವು. ವಾಸನೆ ಸಿಕ್ಕರೆ ಅವಳು ಬೊಗಳುವಂತಿಲ್ಲ, ಕೆರೆಯುವಂತಿಲ್ಲ. ಸುಮ್ಮನೆ ಅದರ ಮುಂದೆ ಕುಳಿತುಬಿಡಬೇಕು. ಕುಳಿತರೆ ಕೊಡುವುದು ಒಂದು ರಬ್ಬರ್ ಚೆಂಡು, ಒಂದು ಶಬಾಷ್. ಅಷ್ಟಕ್ಕೆ ಅವಳು ದಿನವಿಡೀ ದುಡಿಯುತ್ತಿದ್ದಳು.

ಒಂದು ದಿನ ನಿಲ್ದಾಣದಲ್ಲಿ ತಪಾಸಣೆ. ಬೆಳಗಿನ ಗಾಡಿಯ ಹೊತ್ತು. ಪ್ಲಾಟ್‌ಫಾರ್ಮಿನ ಮೇಲೆ ಚೀಲಗಳನ್ನು ಸಾಲಾಗಿ ಇಡಿಸಿದ್ದೆವು. ಐವತ್ತರ ಒಬ್ಬ ಮನುಷ್ಯ ತನ್ನ ಚೀಲ ಕೆಳಗಿಡಲು ಒಪ್ಪಲಿಲ್ಲ. ಬೆವರುತ್ತಿದ್ದ, ಗಡಿಯಾರ ನೋಡುತ್ತಿದ್ದ, ಕಣ್ಣು ಕೆಂಪಾಗಿದ್ದವು. ಕೊನೆಗೆ ಇಟ್ಟ. ಇವನೇ ಎಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿತ್ತು. ರಾಣಿ ಆ ಚೀಲವನ್ನು ಮೂಸಿ ಮುಂದೆ ಹೋದಳು. ನನ್ನ ಕಾಲು ಮಾತ್ರ ಅಲ್ಲೇ ನಿಂತಿತು, ಹಗ್ಗ ಬಿಗಿಯಾಯಿತು, ಉಸಿರು ಹಿಡಿದಿದ್ದೆ. ಅವಳು ತಿರುಗಿ ನನ್ನ ಮುಖ ನೋಡಿದಳು. ವಾಪಸ್ಸು ಬಂದು ಚೀಲದ ಮುಂದೆ ಕುಳಿತಳು.

ಆಮೇಲೆ ಆಗುವುದೆಲ್ಲ ಆಯಿತು. ಜನರನ್ನು ದೂರ ಸರಿಸಿದರು, ಬಾಂಬು ನಿಷ್ಕ್ರಿಯ ಮಾಡುವವರು ಬಂದರು, ಆ ಮನುಷ್ಯನನ್ನು ಒಂದು ಕೋಣೆಯಲ್ಲಿ ಕೂರಿಸಿದರು. ನಾನು ಹೊರಗೆ ರಾಣಿಯ ಕತ್ತು ತಟ್ಟುತ್ತ, ಶಾಣ್ಯಾಕಿ ಅದಿ ನನ್ನವ್ವ, ಎಂದೆ. ಒಳಗಿದ್ದ ಆತ ಅದನ್ನು ಕೇಳಿಸಿಕೊಂಡು ಬಾಗಿಲಿಗೆ ಬಂದ.

"ನೀವು ನಮ್ಮ ಕಡೆಯವ್ರೇನ್ರಿ?" ಎಂದ. "ನಮ್ಮವ್ವ ನಿನ್ನೆ ತೀರ್ಕೊಂಡಾಳ್ರಿ, ಧಾರವಾಡದಾಗ. ಈ ಗಾಡಿ ತಪ್ಪಿದ್ರ ಆಕಿಗೆ ಮಣ್ಣು ಕೊಡಾಕ ನಾ ಮುಟ್ಟೂದಿಲ್ಲ. ನೀವರೆ ಒಂದು ಮಾತು ಹೇಳ್ರಿ."

ನಾನು ಹೇಳಲಿಲ್ಲ. ನಾಯಿ ಕುಳಿತಿದೆ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಎಂದೆ. ಹಗ್ಗ ಬಿಗಿಯಾದದ್ದು ನನಗೊಬ್ಬನಿಗೇ ಗೊತ್ತಿತ್ತು. ಚೀಲದಲ್ಲಿ ಎರಡು ಜೊತೆ ಬಟ್ಟೆ, ಕ್ಷೌರದ ಸಾಮಾನು, ಬಿಳಿ ಸೀರೆಯೊಂದು ಇತ್ತು. ಗಾಡಿ ಹೋಗಿ ಎಷ್ಟೋ ಹೊತ್ತಾದ ಮೇಲೆ ಆತನನ್ನು ಬಿಟ್ಟರು. ಸಂಜೆ ನಮ್ಮ ಅಧಿಕಾರಿ, ಬಿಟ್ಟುಹೋಗುವುದಕ್ಕಿಂತ ತಪ್ಪಾಗಿ ಹಿಡಿಯುವುದು ಮೇಲು ಎಂದು ನನ್ನ ಬೆನ್ನು ತಟ್ಟಿದರು.

ಎರಡು ವಾರ ಕಳೆದವು. ಪಂಚನಾಮೆಯಲ್ಲಿ ಆತನ ಹೆಸರು ಹಿರೇಮಠ, ವಿಮೆ ಕಚೇರಿಯ ನೌಕರ, ಮನೆ ವಡೋದರಾದಲ್ಲೇ ಗೋರ್ವಾ ಬಡಾವಣೆಯಲ್ಲಿ ಎಂದು ಇತ್ತು. ಒಂದು ರವಿವಾರ ಮಫ್ತಿಯಲ್ಲಿ ಹುಡುಕಿಕೊಂಡು ಹೋದೆ. ಆತನ ಹೆಂಡತಿ ನೀರು ತಂದುಕೊಟ್ಟು ಒಳಗೆ ಹೋದರು. ನಾನು ನಡೆದದ್ದನ್ನು ಹೇಳಿದೆ. ನಾಯಿ ಚೀಲ ಬಿಟ್ಟು ಮುಂದೆ ಹೋಗಿತ್ತು, ನಾನು ನಿಂತದ್ದಕ್ಕೆ ತಿರುಗಿ ಬಂದು ಕುಳಿತಿತು, ನನ್ನ ಮನಸ್ಸಿನಲ್ಲಿದ್ದದ್ದನ್ನೇ ಅದು ಮಾಡಿ ತೋರಿಸಿತು ಎಂದೆ.  ಹಿರೇಮಠರು, ತಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು, ಸೀರೆಯನ್ನು ಗದ್ದಿಗೆಯ ಮೇಲೆ ಹೊದಿಸಿ ಬಂದೆ ಎಂದರು.

"ನಾಯಿ ಮ್ಯಾಲ ನನಗೇನು ಸಿಟ್ಟಿಲ್ರಿ," ಎಂದರು ಆಮೇಲೆ. "ಅದು ನಿಮ್ಮ ಮಾರಿ ನೋಡಿ ಕುಂತತಿ. ನೀವು ಯಾರ ಮಾರಿ ನೋಡಿ ಸುಮ್ಮನಾದ್ರಿ?"

ನಾನು ಎದ್ದೆ. ಅವರು ಬಾಗಿಲವರೆಗೆ ಬಂದು ಕಳಿಸಿದರು, ಮತ್ತೆ ಬರ್ರಿ ಎಂದು ಮಾತ್ರ ಹೇಳಲಿಲ್ಲ.

ಆ ಕಾಲದಲ್ಲಿ ನಮ್ಮ ಅಭ್ಯಾಸದ ಕ್ರಮವೇ ತಪ್ಪಾಗಿತ್ತು. ಮಾದರಿ ಮದ್ದನ್ನು ನಾವೇ ಬಚ್ಚಿಟ್ಟು, ನಾವೇ ನಾಯಿಯನ್ನು ಕರೆದುಕೊಂಡು ಹೋಗುತ್ತಿದ್ದೆವು. ನಾಯಿ ವಾಸನೆ ಕಲಿಯುವ ಬದಲು ನಮ್ಮ ನಡಿಗೆ ಕಲಿಯುತ್ತಿತ್ತು. ನಾನು ನೇಗಿ ಉಸ್ತಾದರಿಗೆ ಕಾಗದ ಬರೆದು ಎಲ್ಲ ತಿಳಿಸಿದೆ. ಅವರು ಬೈಯಲಿಲ್ಲ. ಇನ್ನೊಬ್ಬನಿಂದ ಬಚ್ಚಿಡಿಸು, ಎಲ್ಲಿದೆ ಎಂದು ನಿನಗೆ ಗೊತ್ತಿರಬಾರದು, ಕೆಲವು ದಿನ ಏನನ್ನೂ ಇಡಿಸಬೇಡ ಎಂದು ಉತ್ತರ ಬರೆದರು. ಈಗ ಎಲ್ಲ ಕಡೆ ಹಾಗೆಯೇ ಮಾಡುತ್ತಾರೆ. ಭಾಗ್ಯ, ನಿನ್ನ ನಾಯಿ ಸುಳ್ಳು ಹೇಳಿದರೆ ಮೊದಲು ನಿನ್ನ ಕೈಯಲ್ಲಿರುವ ಹಗ್ಗ ನೋಡಿಕೋ.

ರಾಣಿ ನಿವೃತ್ತಳಾದ ಮೇಲೆ ನನ್ನನ್ನು ಅಹಮದಾಬಾದಿಗೆ ಹಾಕಿದರು. ಅಲ್ಲಿ ಶೇರಾ ಸಿಕ್ಕಿದ. ಕಪ್ಪು ಗಂಡು, ಅಗಲ ತಲೆ, ನಾನು ನಡೆಸಿದ ನಾಯಿಗಳಲ್ಲೇ ಎಲ್ಲಕ್ಕಿಂತ ಒಳ್ಳೆಯ ಮೂಗು. ಅವನಿಗೆ ಹಸಿವು ವಿಪರೀತ. ಈ ಜಾತಿಯ ಹಲವು ನಾಯಿಗಳಿಗೆ ಹೊಟ್ಟೆ ತುಂಬಿದ್ದೇ ತಿಳಿಯುವುದಿಲ್ಲ ಎಂದು ಪಶುವೈದ್ಯರು ಹೇಳುತ್ತಾರೆ. ಆದರೆ ಚೆಂಡೋ ಅನ್ನವೋ ಎಂದರೆ ಅವನು ಚೆಂಡಿನ ಕಡೆಗೇ ಬರುತ್ತಿದ್ದ. ಮನೆಗೆ ಕರೆದುಕೊಂಡು ಬರುವಂತಿರಲಿಲ್ಲ, ಆದರೂ ಸುಶೀಲಾ ಹಬ್ಬದ ದಿನ ಅವನ ಸಲುವಾಗಿ ಉಪ್ಪಿಲ್ಲದ ಎರಡು ರೊಟ್ಟಿ ಬೇರೆ ಬಡಿಯುತ್ತಿದ್ದಳು.

ಅದು ಮೇ ತಿಂಗಳು. ದೊಡ್ಡವರೊಬ್ಬರು ಊರಿಗೆ ಬರುವವರಿದ್ದರು. ಅದರ ಪೂರ್ವಾಭ್ಯಾಸವೆಂದು ಬಯಲಿನಲ್ಲಿ ವಾಹನಗಳನ್ನು ಸಾಲುಸಾಲಾಗಿ ನಿಲ್ಲಿಸಿದ್ದರು. ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಎಂಟೂವರೆಗೆ ಮುಗಿಸಿದೆವು. ಅಷ್ಟರಲ್ಲಿ ಮೇಲಧಿಕಾರಿಗಳು ಬರುವುದು ತಡವಾಗುತ್ತದೆಂದು ಸುದ್ದಿ ಬಂತು. ಅವರ ಕಣ್ಣೆದುರು ಇನ್ನೊಮ್ಮೆ ಮಾಡಬೇಕಾಯಿತು. ಅವರು ಬಂದಾಗ ಹನ್ನೆರಡು ದಾಟಿತ್ತು. ಅಹಮದಾಬಾದಿನ ಮೇ ತಿಂಗಳ ಹನ್ನೆರಡು ಗಂಟೆ ಏನೆಂದು ಅಲ್ಲಿದ್ದವರಿಗೆ ಗೊತ್ತು. ವಾಹನದ ಲೋಹ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಹಿಮದ ನೀರಿಗಾಗಿ ಬೆಳೆದ ಎರಡು ಪದರದ ಕಪ್ಪು ತುಪ್ಪಳ ಹೊತ್ತು ಶೇರಾ ಒಂದೊಂದೇ ಚಕ್ರ ಮೂಸುತ್ತ ಹೋದ.

ಎರಡು ಸಾಲು ಮುಗಿದಾಗ ಅವನ ನಾಲಿಗೆ ತುದಿಯಲ್ಲಿ ಚಮಚದಂತೆ ಅಗಲವಾಗಿತ್ತು. ಜೊಲ್ಲು ಅಂಟಾಗಿ ಹಗ್ಗದಂತೆ ಇಳಿಯುತ್ತಿತ್ತು. ಹಿಂಗಾಲು ಒಮ್ಮೆ ಅಡ್ಡ ಬಿತ್ತು. ಇದೇನೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ನೇಗಿ ಉಸ್ತಾದರು ಬಾಯಿಪಾಠ ಮಾಡಿಸಿದ್ದ ಲಕ್ಷಣಗಳೇ ಅವು. ನಾನು ನಮ್ಮ ಇನ್ಸ್‌ಪೆಕ್ಟರರ ಹತ್ತಿರ ಹೋಗಿ, ನಾಯಿ ದಣಿದಿದೆ, ನೆರಳಿಗೆ ಒಯ್ಯುತ್ತೇನೆ ಎಂದೆ. ಅವರ ಪಕ್ಕದಲ್ಲಿ ಮೇಲಿನವರು ನಿಂತಿದ್ದರು. ಇನ್ಸ್‌ಪೆಕ್ಟರ್ ಶೇರಾನತ್ತ ಒಮ್ಮೆ ನೋಡಿ ಹಿಂದಿಯಲ್ಲಿ, "ಬಾಲ ಆಡಿಸ್ತಾ ಇದ್ದಾನಲ್ಲ. ಒಂದೇ ಸಾಲು ಉಳಿದಿರೋದು, ಮುಗಿಸು," ಎಂದರು.

ಬಾಲ ಆಡಿಸುತ್ತಿದ್ದ, ನಿಜ. ಈ ನಾಯಿ ಸಾಯುತ್ತಿದ್ದರೂ ಬಾಲ ಆಡಿಸುತ್ತದೆ. ಆಗುವುದಿಲ್ಲ ಸಾಹೇಬರೇ ಎಂದು ಹೇಳಲು ನನಗೆ ಬಾಯಿತ್ತು. ಹೇಳಿದ್ದರೆ ಹೆಚ್ಚೆಂದರೆ ಒಂದು ನೋಟಿಸು ಬರುತ್ತಿತ್ತು. ನಾನು ತಿರುಗಿ ಬಂದು ಶೇರಾಗೆ ಮುಂದೆ ನಡೆ ಎಂದೆ. ಅವನು ನಡೆದ.

ಮೂರನೆಯ ಸಾಲಿನಲ್ಲಿ ಒಂದು ಜೀಪಿನ ಹಿಂದಿನ ಚಕ್ರದ ಒಳಗೆ ಮಾದರಿ ಇಟ್ಟಿದ್ದರು. ಎಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಶೇರಾ ಅಲ್ಲಿ ನಿಂತ, ಇನ್ನೊಮ್ಮೆ ಮೂಸಿದ, ಕಾದ ನೆಲದ ಮೇಲೆ ಸರಿಯಾಗಿ ಕುಳಿತ. ಹಿಂದೆ ನಿಂತಿದ್ದ ಮೇಲಿನವರು ಚಪ್ಪಾಳೆ ತಟ್ಟಿದರು. ನಾನು ಜೇಬಿನಿಂದ ಚೆಂಡು ತೆಗೆದು ಕೊಟ್ಟೆ. ಅವನು ಅದನ್ನು ಬಾಯಲ್ಲಿ ಮೃದುವಾಗಿ ಹಿಡಿದುಕೊಂಡು ಪಕ್ಕಕ್ಕೆ ಒರಗಿದ.

ನೀರು ಸುರಿದೆವು, ಹೊಟ್ಟೆಗೆ ಒದ್ದೆ ಬಟ್ಟೆ ಒತ್ತಿದೆವು, ಜೀಪಿನಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಓಡಿದೆವು. ವೈದ್ಯರು ತಾಪಮಾಪಕ ಇಟ್ಟು ನೋಡಿ, ನೂರೆಂಟು ದಾಟಿದೆ ಎಂದರು. ಮಧ್ಯಾಹ್ನ ಮೂರಕ್ಕೆ ಎಲ್ಲ ಮುಗಿಯಿತು. ಅವನ ದವಡೆ ಬಿಡಿಸಿ ಚೆಂಡು ತೆಗೆದದ್ದು ನಾನೇ. ಅದರ ಮೇಲೆ ಒಂದು ಹಲ್ಲಿನ ಗುರುತೂ ಇರಲಿಲ್ಲ.

ಮರುದಿನ ಇನ್ಸ್‌ಪೆಕ್ಟರ್ ಕರೆದು ಕೂರಿಸಿ, ಚಹಾ ತರಿಸಿದರು. ಒಳ್ಳೆಯ ಮನುಷ್ಯರೇ, ಅದಕ್ಕೂ ಮುಂಚೆ ನನಗೆ ಎಷ್ಟೋ ಸಲ ಸಹಾಯ ಮಾಡಿದ್ದರು. ನನ್ನ ಹೇಳಿಕೆಯನ್ನು ಟೈಪು ಮಾಡಿಸಿಯೇ ಇಟ್ಟಿದ್ದರು. ಬೆಳಿಗ್ಗೆ ಎಂಟೂವರೆಗೆ ಕೆಲಸ ಮುಗಿದು ನಾಯಿ ನೆರಳಿನಲ್ಲಿ ವಿಶ್ರಾಂತಿ ಪಡೆಯುತ್ತಿತ್ತು, ಮಧ್ಯಾಹ್ನ ಇದ್ದಕ್ಕಿದ್ದಂತೆ ಹೃದಯ ಸ್ತಂಭನವಾಯಿತು ಎಂದಿತ್ತು. ಹೃದಯ ನಿಂತದ್ದು ಸುಳ್ಳಲ್ಲವಲ್ಲ ಎಂದರು. ನಾನು ಓದಿದೆ, ರುಜು ಹಾಕಿದೆ. ಮನೆಗೆ ಬಂದು ಸುಶೀಲಾಗೆ ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು, ಅವರು ಬಲವಂತ ಮಾಡಿದರೇ ಎಂದು. ಇಲ್ಲ ಎಂದೆ. ಅವಳು ಒಲೆಯ ಕಡೆ ತಿರುಗಿದಳು. ಮುಂದೆ ನನಗೆ ಇನ್ನೊಂದು ನಾಯಿ ಸಿಕ್ಕ ಮೇಲೂ ಹಬ್ಬಕ್ಕೆ ಬೇರೆ ರೊಟ್ಟಿ ಬಡಿಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ನನ್ನೊಬ್ಬನ ಪಾಪವಾಗಿ ಉಳಿಯುತ್ತಿತ್ತು. ಮುಂದಿನ ವರ್ಷ ನಾನು ಹೊಸದಾಗಿ ಸಿಕ್ಕ ಒಂದು ನಾಯಿಯ ಜೊತೆ ಸೂರತ್ತಿನಲ್ಲಿದ್ದೆ. ಅಲ್ಲಿ ನನ್ನ ಜೊತೆಗಾರ ಪರಮಾರ್ ಎಂಬವನು ಮೆಹಸಾಣಾ ಕಡೆಯವನು, ಮಾತು ಕಡಿಮೆ. ಅವನ ನಾಯಿ ಬಾದಲ್ ಎಂಬ ಹಳದಿ ಲ್ಯಾಬ್ರಡಾರ್. ಪರಮಾರ್ ತನ್ನ ಡಬ್ಬಿಯ ಮೊಸರನ್ನು ದಿನವೂ ಅದರ ತಟ್ಟೆಗೆ ಸುರಿಯುತ್ತಿದ್ದ. ಆ ವರ್ಷ ಒಬ್ಬ ಪಶುವೈದ್ಯರು, ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ನಾಯಿಗಳನ್ನು ಬಯಲಿನಲ್ಲಿ ದುಡಿಸಬಾರದೆಂದು ಮೇಲಕ್ಕೆ ಬರೆದಿದ್ದರು. ಬಿಸಿಲಿನಿಂದ ನಾಯಿ ಸತ್ತ ದಾಖಲೆ ಒಂದೂ ಇಲ್ಲ, ಹೊಸ ನಿಯಮದ ಅಗತ್ಯವಿಲ್ಲ ಎಂದು ಉತ್ತರ ಬಂತು. ಆ ಕಾಗದದ ಪ್ರತಿ ನಮ್ಮ ಸೂಚನಾ ಫಲಕದ ಮೇಲೆ ಅಂಟಿಸಿದ್ದರು. ನಾನು ದಿನವೂ ಅದರ ಮುಂದೆ ಹಾದುಹೋಗುತ್ತಿದ್ದೆ. ಆ ದಾಖಲೆ ಯಾಕಿಲ್ಲ ಎಂದು ಇಡೀ ಕಚೇರಿಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಜೂನ್ ಮೊದಲ ವಾರ, ಸಮುದ್ರದ ಕಡೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಬಾದಲ್ ಕುಸಿದು ಸತ್ತಿತು. ಸೂರತ್ತಿನ ಬಿಸಿಲು ಅಹಮದಾಬಾದಿನ ಹಾಗೆ ಒಣಬಿಸಿಲಲ್ಲ, ಗಾಳಿಯಲ್ಲಿ ನೀರು ತುಂಬಿರುತ್ತದೆ. ನಾಯಿ ಎಷ್ಟು ತೇಕಿದರೂ ಮೈ ತಣಿಯುವುದಿಲ್ಲ. ಪರಮಾರ್ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟ. ಅಧಿಕಾರಿಗಳು ಅದನ್ನು ತಿದ್ದಿಕೊಡು ಎಂದು ಹೇಳಿ, ಮಾದರಿಗೆಂದು ಅಹಮದಾಬಾದಿನ ಒಂದು ಹಳೆಯ ಹೇಳಿಕೆ ತೋರಿಸಿದರು. ಅದರ ಕೆಳಗೆ ನನ್ನ ರುಜು ಇತ್ತು.

ಅವನು ನನ್ನ ಹತ್ತಿರ ಬಂದದ್ದು ಮಧ್ಯಾಹ್ನ, ನಾಯಿಗೂಡುಗಳ ಹಿಂದೆ ನಾನು ಪಾತ್ರೆ ತೊಳೆಯುತ್ತಿದ್ದಾಗ. ನಿಂತೇ ಕೇಳಿದ. ಶೇರಾನಿಗೆ ನಿಜವಾಗಿ ಹೃದಯದ ಕಾಯಿಲೆ ಇತ್ತೇ ಎಂದು. ನಾನು ಪಾತ್ರೆ ಕೆಳಗಿಟ್ಟು ಎಲ್ಲ ಹೇಳಿದೆ. ಸಮಯ ಸುಳ್ಳು, ನೆರಳು ಸುಳ್ಳು, ಎರಡು ಸಾಲು ಮುಗಿದಾಗಲೇ ನನಗೆ ಗೊತ್ತಾಗಿತ್ತು ಎಂದೆ. ಅವನು ನನ್ನನ್ನು ಯಾವಾಗಲೂ ಭಾಯಿ ಎನ್ನುತ್ತಿದ್ದ, ಅವತ್ತು ಎನ್ನಲಿಲ್ಲ.

"ನೀವು ಅವತ್ತು ನಿಜ ಬರೆದಿದ್ದರೆ..." ಎಂದು ಶುರು ಮಾಡಿ ನಿಲ್ಲಿಸಿದ. ಬಾದಲ್‌ನ ಖಾಲಿ ಗೂಡಿನ ಕಡೆ ಒಮ್ಮೆ ನೋಡಿ ಹೋಗಿಬಿಟ್ಟ.

ಆ ಸಂಜೆಯೇ ನಾನು ಕುಳಿತು ಮೊದಲಿನಿಂದ ಬರೆದೆ. ಹಳೆಯ ಹೇಳಿಕೆ ಸುಳ್ಳು, ನನ್ನ ಅರಿವಿನಲ್ಲೇ ರುಜು ಹಾಕಿದ್ದು, ನಾಯಿ ಸತ್ತದ್ದು ಬಿಸಿಲಿಗೆ ಮತ್ತು ನನ್ನ ಅಪ್ಪಣೆಗೆ ಎಂದು. ವಿಚಾರಣೆ ಆರು ತಿಂಗಳು ನಡೆಯಿತು. ಅಹಮದಾಬಾದಿನ ಇನ್ಸ್‌ಪೆಕ್ಟರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ನನಗೆ ಛೀಮಾರಿ ಹಾಕಿ ನಾಯಿ ಕಿತ್ತುಕೊಂಡು ಉಗ್ರಾಣದಲ್ಲಿ ಕೂರಿಸಿದರು. ಹದಿನೆಂಟು ತಿಂಗಳು ಕೊರಳಪಟ್ಟಿ, ಬಕೆಟ್ಟು, ಹಗ್ಗಗಳನ್ನು ಎಣಿಸಿದೆ. ಬಾದಲ್ ಸತ್ತ ಮರುವರ್ಷ ಮಾರ್ಚ್ ಕೊನೆಗೆ ಆದೇಶ ಬಂತು: ಬೇಸಿಗೆಯ ಮೂರು ತಿಂಗಳು ಹತ್ತರ ಮೇಲೆ ಬಯಲು ತಪಾಸಣೆ ಇಲ್ಲ, ಪ್ರತಿ ನಾಯಿಯ ಕಿಟ್ಟಿನಲ್ಲಿ ಒಂದು ತಾಪಮಾಪಕ ಇರಬೇಕು. ಈಗ ನಿಮ್ಮೆಲ್ಲರ ಕಿಟ್ಟಿನಲ್ಲಿ ಅದು ಇರುತ್ತದೆ. ಅದನ್ನು ಅಲ್ಲಿಗೆ ತಂದವರು ಶೇರಾ ಮತ್ತು ಬಾದಲ್. ನಾನು ಅದಕ್ಕೆ ಒಂದು ವರ್ಷ ತಡ ಮಾಡಿದವನು.

ಪರಮಾರ್ ಶ್ವಾನದಳ ಬಿಟ್ಟು ಗೇಟಿನ ಕೆಲಸ ಕೇಳಿ ತೆಗೆದುಕೊಂಡ. ಎರಡು ವರ್ಷ ಒಂದೇ ಊಟದ ಮನೆಯಲ್ಲಿ ಉಂಡೆವು. ನಾನು ಕುಳಿತ ಪಂಕ್ತಿಯಲ್ಲಿ ಅವನು ಕೂರಲಿಲ್ಲ. ಅವನಿಗೆ ವರ್ಗವಾದ ದಿನ ಎಲ್ಲರ ಕೈ ಹಿಡಿದು ಹೋದ, ನನ್ನ ಮುಂದೆ ನಿಂತು ತಲೆಯಾಡಿಸಿದ, ಅಷ್ಟೇ. ಅದು ಕ್ಷಮೆಯೋ ಬರೀ ಮರ್ಯಾದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾಯಿ ನಡೆಸುವವರು ಸಾಲದೆ ಕೊನೆಗೆ ನನಗೆ ಮತ್ತೆ ಒಂದು ನಾಯಿ ಕೊಟ್ಟರು. ಚಾಕೊಲೇಟ್ ಬಣ್ಣದ ಮೀರಾ. ಸೂರತ್ತಿನಲ್ಲಿ ಒಂದಷ್ಟು ವರ್ಷ, ಆಮೇಲೆ ಅಹಮದಾಬಾದಿನಲ್ಲಿ ಅವಳ ಜೊತೆ ಇದ್ದೆ. ಅವಳನ್ನು ಎಷ್ಟು ನಡೆಸಿದೆನೋ ಅಷ್ಟೇ ಕೂರಿಸಿದೆ. ನೆರಳು ಕಂಡಲ್ಲಿ ನಿಂತೆ, ಅವಳು ಕೇಳದಿದ್ದರೂ ನೀರು ಕುಡಿಸಿದೆ. ಸಾಕು ಎಂದು ಅವಳು ಹೇಳುವುದಿಲ್ಲ ಎಂದು ಗೊತ್ತಿದ್ದರಿಂದ ಅವಳ ಪರವಾಗಿ ನಾನೇ ಹೇಳಲು ಕಲಿತೆ. ಕೆಲವು ಅಧಿಕಾರಿಗಳು ನನ್ನನ್ನು ಮೈಗಳ್ಳ ಎಂದರು. ಇರಲಿ.

ನನ್ನ ನಿವೃತ್ತಿ, ಅವಳ ನಿವೃತ್ತಿ ನಾಲ್ಕು ತಿಂಗಳ ಅಂತರದಲ್ಲಿ ಆಯಿತು. ಅರ್ಜಿ ಹಾಕಿ ಅವಳನ್ನು ಮನೆಗೆ ತಂದೆ. ವಯಸ್ಸಾದ ಅವಳಿಗೆ ಮೆಟ್ಟಿಲು ಹತ್ತಲಾಗದೆಂದು ಈ ನೆಲಮಹಡಿ ಹಿಡಿದೆವು. ಈ ನಡುವೆ ಅಹಮದಾಬಾದಿನ ಅಂಚಿನ ಬೋಪಾಲ್ ಬಡಾವಣೆಯ ದೊಡ್ಡ ಕಟ್ಟಡಗಳಿಂದ ನನಗೆ ಕರೆ ಬರತೊಡಗಿತು. ಹನ್ನೆರಡು, ಹದಿನಾಲ್ಕನೆಯ ಮಹಡಿಗಳಲ್ಲಿ ಈ ಜಾತಿಯ ನಾಯಿ ಈಗ ಮನೆಮನೆಯಲ್ಲಿ ಇದೆ. ಅಲ್ಲೊಂದು ಮನೆ ಬಾಹ್ಯಾಕಾಶ ಸಂಶೋಧನೆಯಲ್ಲಿರುವ ಮೈಸೂರಿನವರದು. ನಾಯಿ ಬಹಳ ಸೋಮಾರಿಯಾಗಿದೆ, ಸ್ವಲ್ಪ ತಿದ್ದಿ ಎಂದು ಕರೆಸಿದ್ದರು. ಅವರ ಮಗಳು ಹಿಂದಿ ಗುಜರಾತಿ ಬೆರೆಸಿ, ಅವನಿಗೆ ಏನೂ ನೋವಿಲ್ಲ ಅಂಕಲ್, ಯಾವಾಗಲೂ ಖುಷಿಯಾಗಿಯೇ ಇರುತ್ತಾನೆ ಎಂದಳು. ನಾನು ಅದರ ಸೊಂಟದ ಕೀಲು ಒತ್ತಿ ನೋಡಿದೆ. ನಾಯಿ ನನ್ನ ಕೈ ನೆಕ್ಕಿತು. ಕೀಲು ಸವೆದುಹೋಗಿದೆ, ಇದಕ್ಕೆ ಬೇಕಾದದ್ದು ಶಿಸ್ತಲ್ಲ, ವೈದ್ಯರು ಎಂದೆ. ನೋವಾದರೆ ಕೂಗಬೇಡವೇ ಎಂದು ಆ ಹುಡುಗಿ ಕೇಳಿದಳು. ಈ ಜಾತಿಯ ನಾಯಿ ಕೂಗುವುದನ್ನು ಕಾಯುತ್ತ ಕೂರಬಾರದು ಎಂದು ದೊಡ್ಡದಾಗಿ ಪಾಠ ಹೇಳಿ ಬಂದೆ.

ಆ ಪಾಠ ಹೇಳಿ ಬಂದ ನಾನು ನನ್ನ ಮನೆಯಲ್ಲಿ ಕುರುಡನಾಗಿದ್ದೆ. ಮೀರಾ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಳು, ಬಾಗಿಲಿಗೆ ಬರುತ್ತಿದ್ದಳು. ಒಂದು ದಿನ ಸುಶೀಲಾ, "ಯಾಕೋ ಈಕಿ ಮಲಗೂ ಮುಂದ ಸುತ್ತು ಹೊಡಿಯೂದು ಬಿಟ್ಟಾಳ ನೋಡ್ರಿ. ನಿಂತಲ್ಲೇ ಕುಸದು ಬೀಳ್ತಾಳ," ಎಂದಳು. ವಯಸ್ಸಾಯಿತು ಎಂದೆ. ಅವಳು ಸುಮ್ಮನಾಗಲಿಲ್ಲ. ತಾನೇ ಆಟೋ ಕರೆಸಿ ಡಾಕ್ಟರ್ ಹೇತಲ್ ಅವರ ಚಿಕಿತ್ಸಾಲಯಕ್ಕೆ ಹೊರಡಿಸಿದಳು. ಆ ಯುವ ವೈದ್ಯೆ ಹೊಟ್ಟೆಯ ಸ್ಕ್ಯಾನ್ ಮಾಡಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಗುಲ್ಮದಲ್ಲಿ ಗಡ್ಡೆ. ಅದು ಯಕೃತ್ತಿಗೂ ಹಬ್ಬಿತ್ತು. ತಿಂಗಳುಗಳಿಂದ ನೋವಿದ್ದಿರಬೇಕು ಕಾಕಾ, ನಿಮಗೇನೂ ಕಾಣಿಸಲಿಲ್ಲವೇ ಎಂದು ಮೃದುವಾಗಿಯೇ ಕೇಳಿದರು. ಮೀರಾ ಮೇಜಿನ ಮೇಲೆ ಮಲಗಿ ನನ್ನನ್ನು ನೋಡುತ್ತಿದ್ದಳು.

ಶಸ್ತ್ರಚಿಕಿತ್ಸೆಯ ಹಂತ ದಾಟಿತ್ತು. ಹತ್ತು ದಿನ ನೋವಿನ ಮಾತ್ರೆ ಕೊಟ್ಟು ಇಟ್ಟುಕೊಂಡೆವು. ಹನ್ನೊಂದನೆಯ ದಿನ ಅವಳು ಅನ್ನ ಮುಟ್ಟಲಿಲ್ಲ. ಲ್ಯಾಬ್ರಡಾರ್ ಅನ್ನ ಬಿಟ್ಟಿತೆಂದರೆ ಇನ್ನೇನೂ ಕೇಳಬೇಕಾಗಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಇನ್ನು ಅವಳನ್ನು ನೋವಿಲ್ಲದೆ ಕಳಿಸಿಕೊಡಿ ಎಂದೆ. ಮರುದಿನ ಬೆಳಿಗ್ಗೆ ಅವರೇ ಮನೆಗೆ ಬಂದರು.

ಮೀರಾ ಅಡುಗೆಮನೆಯ ಬಾಗಿಲ ಹತ್ತಿರ ಗೋಡೆಗೆ ಒತ್ತಿಕೊಂಡು ಮಲಗಿದ್ದಳು. ಅಲ್ಲಿ ಬೆಳಕು ಸಾಲದು ಎಂದು ಡಾಕ್ಟರ್ ಕಿಟಕಿಯ ಪಕ್ಕದಲ್ಲಿ ಒಂದು ಹಾಳೆ ಹಾಸಿ, ಔಷಧ ಸಿದ್ಧಮಾಡಿಕೊಂಡು, "ಕಾಕಾ, ಅವಳನ್ನು ಇಲ್ಲಿಗೆ ಕರೀತೀರಾ?" ಎಂದರು.

ಎಂಟು ಹೆಜ್ಜೆ ದೂರ. ನಾನು ಬಾ ಎಂದರೆ ಅವಳು ಬರುತ್ತಾಳೆಂದು ಗೊತ್ತಿತ್ತು. ಆ ಹೊಟ್ಟೆ ಹೊತ್ತುಕೊಂಡು, ಏನೋ ಕೆಲಸವಿದೆ ಎಂದುಕೊಂಡು, ಎದ್ದು ಬಂದು ಆ ಹಾಳೆಯ ಮೇಲೆ ಸರಿಯಾಗಿ ಕೂರುತ್ತಾಳೆ. ನನ್ನ ಬಾಯಿ ತೆರೆದೂ ಇತ್ತು. ಸುಶೀಲಾ ನನ್ನನ್ನೇ ನೋಡುತ್ತಿದ್ದಳು.

ಇಲ್ಲ ಡಾಕ್ಟರ್, ನಾವೇ ಅಲ್ಲಿಗೆ ಹೋಗೋಣ ಎಂದೆ. ಸುಶೀಲಾ ಟಾರ್ಚು ತಂದು ಹಿಡಿದಳು. ಡಾಕ್ಟರ್ ತಮ್ಮ ಸಾಮಾನನ್ನೆಲ್ಲ ಎತ್ತಿಕೊಂಡು ಬಂದು ನೆಲದ ಮೇಲೆ ಮಂಡಿಯೂರಿದರು. ನಾನು ಮೀರಾಳ ಪಕ್ಕದಲ್ಲಿ ಮಲಗಿದೆ. ನಾನು ಕರೆದಿರಲಿಲ್ಲ, ಆದರೂ ನಾನು ಬಂದದ್ದು ಕಂಡು ಅವಳು ಏಳಲು ಮುಂಗಾಲು ಊರಿದಳು. ಅವಳ ಭುಜದ ಮೇಲೆ ಕೈಯಿಟ್ಟು ಒತ್ತಿ ಹಿಡಿದೆ. ಏಳಬ್ಯಾಡ ಎಂದೆ. ಅದು ಅವಳು ಕಲಿತ ಅಪ್ಪಣೆಗಳಲ್ಲಿ ಇರಲಿಲ್ಲ, ಅವಳಿಗೆ ಅರ್ಥವಾಗಲಿಲ್ಲ. ಔಷಧ ಏರುವವರೆಗೂ ನನ್ನ ಅಂಗೈ ಕೆಳಗೆ ಆ ಭುಜ ಏಳಲು ನೋಡುತ್ತಲೇ ಇತ್ತು. ನಾನು ಕೈ ತೆಗೆಯಲಿಲ್ಲ.